ಪಟಿಕದ ಹಿಮಹೂವು ಮೂಡದಿದ್ದಾಗ: ಮನೆಯ ದೋಷ ನಿವಾರಣೆ ಕೈಪಿಡಿ

ರಾತ್ರಿ ಮಲಗುವ ಮುನ್ನ ಪಟಿಕದ ನೀರಿಗೆ ಇಳಿಬಿಟ್ಟ ಆರು ಎಸಳಿನ ತಂತಿಯ ಹೂವು ಬೆಳಿಗ್ಗೆಯ ಹೊತ್ತಿಗೆ ಹರಳು ತೊಟ್ಟು ಮಿನುಗಬೇಕಿತ್ತು. ಆದರೆ ಅದು ಇಳಿಬಿಟ್ಟಂತೆಯೇ ಬೋಳಾಗಿ ತೂಗುತ್ತಿದೆ, ಇಲ್ಲವೇ ಬಾಟಲಿಯ ತಳದಲ್ಲಿ ಕಲ್ಲಿನಂಥ ಹೆಪ್ಪು ಕೂತಿದೆ, ಅದೂ ಅಲ್ಲವಾದರೆ ನೀರೆಲ್ಲ ಮಜ್ಜಿಗೆಯಂತೆ ಕದಡಿದೆ. ಚಳಿಗಾಲದಲ್ಲಿ ಮಕ್ಕಳೊಂದಿಗೆ ಅಡುಗೆಮನೆಯಲ್ಲಿ ಮಾಡುವ ಈ ಸರಳ ಪ್ರಯೋಗ ಕೆಟ್ಟಾಗ ಹಿರಿಯರ ಕೈ ಮೊದಲು ಹೋಗುವುದು ಪಟಿಕದ ಪೊಟ್ಟಣದ ಕಡೆಗೆ. ಇನ್ನೆರಡು ಚಮಚ ಸುರಿದು ಕಲಕಿದರೆ ಎಲ್ಲವೂ ಸರಿಹೋದೀತೆಂಬ ನಂಬಿಕೆ. ನಾನು ಹಾಗೆಯೇ ಮಾಡಿ ಮೂರು ರಾತ್ರಿಗಳನ್ನೂ ಅರ್ಧ ಕಿಲೋ ಪಟಿಕವನ್ನೂ ಕಳೆದ ಮೇಲೆ ತಿಳಿದದ್ದೇನೆಂದರೆ, ಯಾವ ದೋಷವಾಗಿದೆ ಎಂಬುದನ್ನು ಆ ಬಾಟಲಿಯೇ ತೋರಿಸುತ್ತಿರುತ್ತದೆ, ಅದನ್ನು ಓದದೆ ಕೈಹಾಕಿದರೆ ಒಂದು ದೋಷ ಹೋಗಿ ಇನ್ನೊಂದು ಬರುತ್ತದೆ. ಈ ಕೈಪಿಡಿ ಹಾಗೆ ಓದುವ ಕ್ರಮವನ್ನು ವಿವರಿಸುತ್ತದೆ.

ಮೊದಲಿಗೆ, ದೋಷವಿಲ್ಲದ ಪ್ರಯೋಗ ಹೇಗಿರುತ್ತದೆ

ಹೋಲಿಸಿ ನೋಡಲು ಒಂದು ಸರಿಯಾದ ಮಾದರಿ ಕಣ್ಣ ಮುಂದಿರಬೇಕು. 400 ಮಿಲಿಲೀಟರ್ ನೀರನ್ನು ಸ್ಟೀಲ್ ಪಾತ್ರೆಯಲ್ಲಿ ಕೈ ಇಡಲಾಗದಷ್ಟು ಬಿಸಿಮಾಡಿ, ಒಲೆ ಆರಿಸಿ, ಅದರಲ್ಲಿ 120 ಗ್ರಾಂ ಕುಟ್ಟಿದ ಪಟಿಕವನ್ನು ಪೂರ್ತಿ ಕರಗುವವರೆಗೆ ಕಲಕಬೇಕು. ಆ ನೀರನ್ನು ತೆಳುವಾದ ಹತ್ತಿ ಬಟ್ಟೆಯಲ್ಲಿ ಸೋಸಿ, ಅಗಲ ಬಾಯಿಯ ಗಾಜಿನ ಬಾಟಲಿಗೆ ಹುಯ್ದು, ಉಗುರುಬೆಚ್ಚಗಾಗುವವರೆಗೆ ಮುಚ್ಚಿಡಬೇಕು. ಬಾಟಲಿಯ ಬಾಯಿಗೆ ಅಡ್ಡಲಾಗಿ ಇಟ್ಟ ಪೆನ್ಸಿಲ್ಲಿಗೆ ತಂತಿಯ ಹೂವನ್ನು ದಾರದಿಂದ ಕಟ್ಟಿ, ತಳವನ್ನಾಗಲಿ ಪಕ್ಕವನ್ನಾಗಲಿ ಮುಟ್ಟದಂತೆ ಇಳಿಬಿಟ್ಟು, ಬಾಟಲಿಗೆ ಟವಲು ಸುತ್ತಿ ಅಲುಗಾಡದ ಮೂಲೆಯಲ್ಲಿ ರಾತ್ರಿಯಿಡೀ ಬಿಡಬೇಕು. ಬಿಸಿನೀರಿನ ಕೆಲಸ ಹಿರಿಯರದು. ಕುಟ್ಟುವುದು, ತೂಗುವುದು, ಹೂವು ಕಟ್ಟುವುದು, ಕಾಯುವುದು ಮಕ್ಕಳದು. ಪಟಿಕದ ಕೈಯನ್ನು ಬಾಯಿಗೂ ಕಣ್ಣಿಗೂ ತಾಗಿಸಬಾರದೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಈ ಅಳತೆ ಬಂದದ್ದು ಹೀಗೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಮಿಲಿಲೀಟರ್ ನೀರು ಸುಮಾರು 14 ಗ್ರಾಂ ಪಟಿಕವನ್ನು ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. ಅದೇ ನೀರು 50 ಡಿಗ್ರಿಯಲ್ಲಿ ಸುಮಾರು 37 ಗ್ರಾಂ ಹಿಡಿಯುತ್ತದೆ. ನಾವು 100 ಮಿಲಿಲೀಟರಿಗೆ 30 ಗ್ರಾಂ ಹಾಕಿದ್ದೇವೆ. ಬಿಸಿಯಾಗಿರುವಾಗ ಅಷ್ಟೂ ಸುಖವಾಗಿ ಕರಗಿರುತ್ತದೆ, ತಣಿಯುತ್ತ ಬಂದಂತೆ ಅದರ ಅರ್ಧದಷ್ಟಕ್ಕೆ ನೀರಿನಲ್ಲಿ ಜಾಗವಿಲ್ಲದಂತಾಗುತ್ತದೆ, ಹಾಗೆ ಹೊರಬಿದ್ದದ್ದೇ ಹರಳಾಗಿ ಕೂರುತ್ತದೆ. ಅಂದರೆ ಹರಳನ್ನು ಮಾಡುವುದು ಪಟಿಕದ ಒಟ್ಟು ಪ್ರಮಾಣವಲ್ಲ, ಬಿಸಿಗೂ ತಂಪಿಗೂ ನಡುವಿನ ಈ ವ್ಯತ್ಯಾಸ. ಮುಂದೆ ಬರುವ ಬಹುತೇಕ ದೋಷಗಳು ಈ ವ್ಯತ್ಯಾಸ ಕಡಿಮೆಯಾದದ್ದರಿಂದಲೋ, ತೀರ ಬೇಗ ಖರ್ಚಾದದ್ದರಿಂದಲೋ, ಬೇಡದ ಕಡೆ ಖರ್ಚಾದದ್ದರಿಂದಲೋ ಹುಟ್ಟಿದವು.

ಒಂದು ಚೂರಿನ ಪರೀಕ್ಷೆ

ಯಾವ ದೋಷವೇ ಇರಲಿ, ಏನನ್ನಾದರೂ ಬದಲಿಸುವ ಮೊದಲು ಈ ಪರೀಕ್ಷೆ ಮಾಡಬೇಕು. ಜೋಳದ ಕಾಳಿನಷ್ಟು ದೊಡ್ಡದಾದ, ಅಂಚು ಚೂಪಾಗಿರುವ ಪಟಿಕದ ಚೂರೊಂದನ್ನು ತೆಳು ದಾರಕ್ಕೆ ಕಟ್ಟಿ, ಪೂರ್ತಿ ತಣಿದ ಬಾಟಲಿಯ ನೀರಿನ ನಡುಮಟ್ಟಕ್ಕೆ ಇಳಿಬಿಟ್ಟು, ಬಾಟಲಿಯ ಹಿಂಬದಿಯಿಂದ ಮೊಬೈಲಿನ ಟಾರ್ಚ್ ಹಿಡಿದು ನೋಡಬೇಕು. ಚೂರಿನಿಂದ ಎಣ್ಣೆಯ ಎಳೆಯಂಥ ತೆಳುವಾದ ಅಲೆ ಕೆಳಮುಖವಾಗಿ ಇಳಿಯುತ್ತಿದ್ದರೆ ಚೂರು ಕರಗುತ್ತಿದೆ ಎಂದರ್ಥ. ಕರಗಿದ ಪಟಿಕದಿಂದ ಭಾರವಾದ ನೀರು ತಳಕ್ಕೆ ಜಾರುತ್ತಿರುತ್ತದೆ. ಅರ್ಧ ಗಂಟೆ ಬಿಟ್ಟು ಹೊರತೆಗೆದರೆ ಅದರ ಅಂಚುಗಳು ಚೀಪಿದ ಕಲ್ಲುಸಕ್ಕರೆಯಂತೆ ನುಣುಪಾಗಿರುತ್ತವೆ. ಅಲೆಯೇ ಇಲ್ಲದೆ ಅಂಚು ಇದ್ದಂತೆಯೇ ಇದ್ದರೆ ನೀರು ತನಗೆ ಸಾಧ್ಯವಾದಷ್ಟು ಪಟಿಕವನ್ನು ಹಿಡಿದು ಪರ್ಯಾಪ್ತವಾಗಿದೆ, ಆದರೆ ಕೊಡುವುದಕ್ಕೆ ಅದರ ಬಳಿ ಹೆಚ್ಚುವರಿ ಏನೂ ಇಲ್ಲ. ಎಳೆ ಮೇಲ್ಮುಖವಾಗಿ ಏಳುತ್ತಿದ್ದು, ಚೂರಿನ ಮುಖಗಳು ಮೊದಲಿಗಿಂತ ಹೊಳೆಯುತ್ತಿದ್ದರೆ ನೀರು ಅತಿಪರ್ಯಾಪ್ತವಾಗಿದೆ: ಸುತ್ತಲಿನ ನೀರು ಪಟಿಕವನ್ನು ಚೂರಿಗೆ ಒಪ್ಪಿಸಿ, ಹಗುರಾಗಿ ಮೇಲೇರುತ್ತಿದೆ.

ಈ ಮೂರರಲ್ಲಿ ಯಾವುದೆಂದು ತಿಳಿದರೆ ಅರ್ಧ ರೋಗನಿದಾನ ಮುಗಿದಂತೆ. ಮಕ್ಕಳಿಗೆ ಇಡೀ ಪ್ರಯೋಗದಲ್ಲಿ ಅತ್ಯಂತ ಹಿಡಿಸುವ ಭಾಗವೂ ಇದೇ ಎಂಬುದು ನನ್ನ ಅನುಭವ. ನೀರಿನಲ್ಲಿ ನೀರೇ ಇಳಿಯುವುದನ್ನು ಕಾಣುವುದು ಅವರಿಗೆ ಹರಳಿಗಿಂತ ದೊಡ್ಡ ಬೆರಗು.

ಹರಳೇ ಮೂಡಲಿಲ್ಲ

ಚೂರು ಕರಗುತ್ತಿದ್ದರೆ ಪಟಿಕ ಸಾಲದು ಎನ್ನುವುದು ನಿಜ, ಆದರೆ ಎಷ್ಟು ಸಾಲದು ಎಂಬುದು ಊರಿನ ಮೇಲೆ ಹೋಗುತ್ತದೆ. ಒಂದು ಲೋಟ ನೀರಿಗೆ ಎರಡು ಚಮಚ ಎಂಬಂಥ ಅಳತೆಗಳು ಚಳಿ ನಾಡಿನ ಅಡುಗೆಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದವು. ಮಡಿಕೇರಿಯ ಡಿಸೆಂಬರ್ ರಾತ್ರಿಯಲ್ಲಿ ಅದೇ ಅಳತೆ ಹೇಗೋ ಫಲ ಕೊಟ್ಟೀತು. ಮಂಗಳೂರಿನಲ್ಲಿ ಡಿಸೆಂಬರಿನ ರಾತ್ರಿಯೂ 20 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪವಾದ್ದರಿಂದ ಅಲ್ಲಿ ಬಾಟಲಿ ಬರಿಯ ಬಾಟಲಿಯಾಗಿಯೇ ಉಳಿಯುತ್ತದೆ. ನೀರನ್ನು ಮತ್ತೆ ಬಿಸಿಮಾಡಿ, ಮೇಲೆ ಹೇಳಿದ ಅಳತೆಗೆ ಸರಿಯಾಗುವಷ್ಟು ಪಟಿಕವನ್ನು ತೂಗಿ ಸೇರಿಸಬೇಕು. ತಣ್ಣೀರಿಗೆ ಸುರಿದು ಕಲಕುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ತಣ್ಣೀರು ತನ್ನ ಮಿತಿಯವರೆಗೆ ಮಾತ್ರ ಕರಗಿಸಿಕೊಂಡು ಅಲ್ಲಿಗೇ ನಿಲ್ಲುತ್ತದೆ, ಅದರಿಂದ ಕೊಡುವುದಕ್ಕೆ ಹೆಚ್ಚುವರಿ ಎಂಬುದು ಹುಟ್ಟುವುದಿಲ್ಲ. ಚೂರು ಕರಗದೆಯೂ ಬೆಳೆಯದೆಯೂ ಇದ್ದರೆ ಆಗಿರುವುದು ಬಹುಶಃ ಇದೇ.

ಚೂರು ಚೆನ್ನಾಗಿ ಬೆಳೆಯುತ್ತಿದೆ, ಆದರೂ ಹೂವಿನ ಮೇಲೆ ಏನೂ ಇಲ್ಲ ಎಂಬ ವಿಚಿತ್ರ ಸ್ಥಿತಿಯೂ ಉಂಟು. ಇಲ್ಲಿ ನೀರಿನಲ್ಲಿ ತಪ್ಪಿಲ್ಲ, ಹೂವಿನಲ್ಲಿದೆ. ನುಣುಪಾದ ತಂತಿಯ ಮೇಲೆ ಮೊದಲ ಹರಳಿಗೆ ಕಾಲೂರಲು ಜಾಗವಿರುವುದಿಲ್ಲ. ಕರಕುಶಲ ಸಾಮಗ್ರಿಯ ಅಂಗಡಿಯಲ್ಲಿ ಸಿಗುವ ರೋಮ ಸುತ್ತಿದ ಪೈಪ್ ಕ್ಲೀನರ್ ಕಡ್ಡಿ ಒಳ್ಳೆಯದು; ಅದು ಸಿಗದಿದ್ದರೆ ಪ್ಲಾಸ್ಟಿಕ್ ಹೊದಿಕೆಯ ತಂತಿಗೆ ಉಲ್ಲನ್ ದಾರವನ್ನೋ, ಗೆಜ್ಜೆವಸ್ತ್ರ ಮಾಡಲು ಹೊಸೆಯುವಂತೆ ತೆಳುವಾಗಿ ಎಳೆದ ಹತ್ತಿಯನ್ನೋ ಬಿಗಿಯಾಗಿ ಸುತ್ತಿದರೆ ಸಾಕು. ಅದರ ಮೇಲೆ ಬೀಜ ಹಾಕುವುದು ಇನ್ನೂ ಖಚಿತವಾದ ಮಾರ್ಗ: ಹೂವನ್ನು ಪಟಿಕದ ನೀರಿನಲ್ಲಿ ಅದ್ದಿ ತೆಗೆದು, ಸಣ್ಣ ಪಟಿಕದ ಪುಡಿಯ ಮೇಲೆ ಹೊರಳಿಸಿ, ಒಂದು ದಿನ ಒಣಗಿಸಿ ಆಮೇಲೆ ಇಳಿಬಿಡಬೇಕು. ಆದರೆ ಈ ಹೂವನ್ನು ಬಿಸಿ ನೀರಿಗೆ ಇಳಿಸಿದರೆ ಹಾಕಿದ ಬೀಜವೆಲ್ಲ ಕ್ಷಣದಲ್ಲಿ ಕರಗಿಹೋಗುತ್ತದೆ, ಮಾಡಿದ ಶ್ರಮ ವ್ಯರ್ಥ. ಉಗುರುಬೆಚ್ಚಗಾಗುವವರೆಗೆ ಕಾಯಬೇಕೆಂದು ಮೊದಲೇ ಹೇಳಿದ್ದು ಇದಕ್ಕಾಗಿಯೇ, ಮತ್ತು ಆತುರದ ಮಕ್ಕಳಿರುವ ಮನೆಯಲ್ಲಿ ಅತಿ ಹೆಚ್ಚು ಬಾರಿ ಮುರಿಯುವ ನಿಯಮವೂ ಇದೇ.

ದಾರದ ಆಯ್ಕೆ ಸಣ್ಣ ವಿಷಯವೆಂದು ತೋರಬಹುದು. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಉಕಿಚಿರೊ ನಕಾಯ ಪ್ರಯೋಗಾಲಯದಲ್ಲಿ ನಿಜವಾದ ಹಿಮಹರಳನ್ನು ಬೆಳೆಸಲು ಹೊರಟಾಗ ಅವರನ್ನು ಬಹುಕಾಲ ಸತಾಯಿಸಿದ್ದು ಇದೇ ಸಮಸ್ಯೆ. ಹತ್ತಿ, ರೇಷ್ಮೆ ಮುಂತಾದ ಎಳೆಗಳ ಮೇಲೆ ಉದ್ದಕ್ಕೂ ಕಂಬಳಿಹುಳದಂತೆ ಇಬ್ಬನಿ ಹೆಪ್ಪುಗಟ್ಟುತ್ತಿತ್ತೇ ಹೊರತು ಬಿಡಿ ಹರಳು ಮೂಡುತ್ತಿರಲಿಲ್ಲ. ಕೊನೆಗೆ 1936ರಲ್ಲಿ, ಮೊಲದ ಒಂದೇ ಒಂದು ಕೂದಲಿನ ತುದಿಯಲ್ಲಿ, ಅದರ ಮೇಲಿನ ಸಣ್ಣ ಗಂಟುಗಳ ಆಸರೆಯಿಂದ ಮೊದಲ ಕೃತಕ ಹಿಮಹರಳು ಬೆಳೆಯಿತು. ನಮಗೆ ಬೇಕಾದದ್ದು ಅದರ ತದ್ವಿರುದ್ಧ; ಒಂದು ಬಿಡಿ ಹರಳಲ್ಲ, ಉದ್ದಕ್ಕೂ ಒತ್ತೊತ್ತಾಗಿ ಕೂರುವ ನೂರಾರು. ಆದ್ದರಿಂದ ಅವರು ಕೈಬಿಟ್ಟ ಒರಟು ಎಳೆಯೇ ನಮಗೆ ಸರಿ.

ಎಲ್ಲವೂ ತಳದಲ್ಲಿ, ಹೂವಿನ ಮೇಲೆ ಏನೂ ಇಲ್ಲ

ಈ ದೋಷ ಕಂಡರೆ ಬಾಟಲಿಯ ತಳವನ್ನು ಚೆನ್ನಾಗಿ ನೋಡಬೇಕು. ಕರಗದೆ ಉಳಿದ ಪುಡಿ ತಳದಲ್ಲಿದ್ದರೆ, ತಣಿಯುತ್ತಿರುವ ನೀರು ತನ್ನ ಹೆಚ್ಚುವರಿಯನ್ನೆಲ್ಲ ಮೊದಲು ಆ ಪುಡಿಗೇ ಒಪ್ಪಿಸುತ್ತದೆ, ಏಕೆಂದರೆ ಅಲ್ಲಿ ಸಾವಿರಾರು ಸಿದ್ಧ ಹರಳುಗಳು ಕಾದಿರುತ್ತವೆ. ಎತ್ತರದಲ್ಲಿ ತೂಗುವ ಹೂವಿನ ಪಾಲಿಗೆ ಏನೂ ಉಳಿಯುವುದಿಲ್ಲ. ಸೋಸುವುದನ್ನು ಬಿಟ್ಟವರಿಗೆ ಈ ದೋಷ ತಪ್ಪಿದ್ದಲ್ಲ. ಇನ್ನೆರಡು ಚಮಚ ಸುರಿಯುವ ಅಭ್ಯಾಸ ಹೆಚ್ಚು ಹಾನಿ ಮಾಡುವುದೂ ಇಲ್ಲಿಯೇ, ಸುರಿದದ್ದೆಲ್ಲ ತಳದ ಪುಡಿಯನ್ನೇ ಬೆಳೆಸುತ್ತದೆ. ಪರಿಹಾರ ಸುಲಭ: ಬಾಟಲಿಯಲ್ಲಿರುವುದನ್ನೆಲ್ಲ, ತಳದ ಹೆಪ್ಪಿನ ಸಮೇತ, ಸ್ಟೀಲ್ ಪಾತ್ರೆಗೆ ಹಾಕಿ ಮತ್ತೆ ಬಿಸಿಮಾಡಿ ಪೂರ್ತಿ ಕರಗಿಸಿ, ಸೋಸಿ, ಹೊಸದಾಗಿ ತೊಳೆದ ಬಾಟಲಿಗೆ ಹುಯ್ಯಬೇಕು. ಗಾಜಿನ ಬಾಟಲಿಯನ್ನು ನೇರವಾಗಿ ಒಲೆಯ ಮೇಲೆ ಇಡಬಾರದು, ಬಿಸಿ ನೀರು ಹುಯ್ಯುವ ಮುನ್ನ ಅದನ್ನು ಬೆಚ್ಚನೆಯ ನೀರಿನಲ್ಲಿ ಒಮ್ಮೆ ತೊಳೆದರೆ ಸೀಳುವ ಭಯವಿಲ್ಲ.

ಹೂವಿನ ತುದಿ ತಳವನ್ನು ಮುಟ್ಟಿದ್ದರೆ ತಳದ ಹೆಪ್ಪಿಗೂ ಹೂವಿಗೂ ಬೆಸುಗೆ ಬಿದ್ದು, ಎತ್ತಿದಾಗ ಎಸಳೇ ಮುರಿದು ಬರುತ್ತದೆ. ಕನಿಷ್ಠ ಎರಡು ಬೆರಳಿನಷ್ಟು ಅಂತರ ಬಿಡಬೇಕು.

ಹರಳಲ್ಲ, ಸಕ್ಕರೆಯಂಥ ಪುಡಿ

ಹೂವಿನ ಮೇಲೆ ಬಿಳಿಯಾಗಿ ಏನೋ ಕೂತಿದೆ, ಆದರೆ ಮುಟ್ಟಿದರೆ ಉದುರುತ್ತದೆ, ಹೊಳಪಿಲ್ಲ. ಇದು ಅವಸರದ ಗುರುತು. ನೀರು ತಟ್ಟನೆ ತಣಿದಾಗ ಎಲ್ಲೆಡೆ ಒಮ್ಮೆಲೇ ಲೆಕ್ಕವಿಲ್ಲದಷ್ಟು ಹರಳುಗಳು ಹುಟ್ಟಿ, ಇರುವ ಪಟಿಕವನ್ನು ಹಂಚಿಕೊಂಡು, ಯಾವುದೂ ದೊಡ್ಡದಾಗದೆ ನಿಂತುಬಿಡುತ್ತವೆ. ಹಿಮದ ಹೂವು ಎಂದಮೇಲೆ ತಂಪು ಬೇಕಲ್ಲವೇ ಎಂದು ಬಾಟಲಿಯನ್ನು ಫ್ರಿಜ್ಜಿನೊಳಗೆ ಇಡುವವರೇ ಹೆಚ್ಚು, ಅಲ್ಲಿ ಒಂದೆರಡು ಗಂಟೆಯಲ್ಲೇ ಪುಡಿ ಬೀಳುತ್ತದೆ. ತಂಪಿಗಿಂತ ನಿಧಾನ ಮುಖ್ಯ. ಬಾಟಲಿಯನ್ನು ಬಿಸಿನೀರು ತುಂಬಿದ ದೊಡ್ಡ ಪಾತ್ರೆಯೊಳಗೆ ನಿಲ್ಲಿಸಿ, ಇಡೀ ಪಾತ್ರೆಗೆ ದಪ್ಪ ಟವಲನ್ನೋ ಹಳೆಯ ಕಂಬಳಿಯನ್ನೋ ಸುತ್ತಿದರೆ ಅದು ತಣಿಯಲು ಇಡೀ ರಾತ್ರಿ ಹಿಡಿಯುತ್ತದೆ, ಹರಳಿನ ಮುಖಗಳೂ ಕಣ್ಣಿಗೆ ಕಾಣುವಷ್ಟು ದೊಡ್ಡದಾಗುತ್ತವೆ. ನಾನು ಮಾಡಿದ್ದು ಬೇರೆಯೇ ತಪ್ಪು. ಮಕ್ಕಳ ಕೈಗೆ ಸಿಗಬಾರದೆಂದು ಬಾಟಲಿಯನ್ನು ಫ್ರಿಜ್ಜಿನ ನೆತ್ತಿಯ ಮೇಲೆ ಇಟ್ಟಿದ್ದೆ. ಅಲ್ಲಿ ಕಾವೂ ಇತ್ತು, ಮೋಟಾರು ಶುರುವಾದಾಗಲೆಲ್ಲ ನಡುಕವೂ ಇತ್ತು. ನಡುಕಕ್ಕೆ ಬೇಡದ ಕಡೆಯೆಲ್ಲ ಹರಳು ಹುಟ್ಟಿ ತಳ ಸೇರಿತ್ತು.

ರಾತ್ರಿ ಬಂದ ಹರಳು ಮಧ್ಯಾಹ್ನಕ್ಕೆ ಮಾಯ

ಬೆಳಿಗ್ಗೆ ಏಳುವಾಗ ಇದ್ದ ಹೂವು ಶಾಲೆಯಿಂದ ಬರುವ ಹೊತ್ತಿಗೆ ಸವೆದು ಸಣ್ಣಗಾಗಿದೆ ಎಂಬ ದೂರು ಕರಾವಳಿಯ ಮನೆಗಳಲ್ಲಿ ಸಾಮಾನ್ಯ, ಬಿಸಿಲು ಬೀಳುವ ಕಿಟಕಿಯ ಬಳಿ ಬಾಟಲಿಯಿಟ್ಟ ಬೆಂಗಳೂರಿನ ಮನೆಗಳಲ್ಲೂ ಉಂಟು. ಮಕ್ಕಳು ಇದನ್ನು ಹಿಮ ಕರಗಿತು ಎಂದೇ ಹೇಳುತ್ತಾರೆ. ಅದು ಒಂದು ರೀತಿಯಲ್ಲಿ ಸರಿ, ಆದರೆ ಇಲ್ಲಿ ಕರಗಿದ್ದು ಹಿಮ ಕರಗುವ ರೀತಿಯಲ್ಲಲ್ಲ. ಮಂಜುಗಡ್ಡೆ ಸೊನ್ನೆ ಡಿಗ್ರಿಯಲ್ಲಿ ತಾನೇ ನೀರಾಗುತ್ತದೆ. ಪಟಿಕ ತಾನಾಗಿ ಕರಗಬೇಕಾದರೆ 92 ಡಿಗ್ರಿಯಷ್ಟು ಕಾವು ಬೇಕು. ಇಲ್ಲಿ ನಡೆದದ್ದೆಂದರೆ ಹಗಲಿನ 32 ಡಿಗ್ರಿಯಲ್ಲಿ ನೀರಿನ ಹಿಡಿಯುವ ಶಕ್ತಿ ಮತ್ತೆ ಹೆಚ್ಚಿ, ರಾತ್ರಿ ಕೊಟ್ಟದ್ದನ್ನು ಅದು ಹಿಂದಕ್ಕೆ ಪಡೆದುಕೊಂಡಿದೆ. 100 ಮಿಲಿಲೀಟರಿಗೆ 20 ಗ್ರಾಂ ಹಾಕಿದ ಬಾಟಲಿಯಲ್ಲಿ ರಾತ್ರಿ ಮೂಡಿದ್ದೆಲ್ಲ ಹಗಲಿಗೆ ಹೆಚ್ಚೂಕಡಿಮೆ ಪೂರ್ತಿ ಅಳಿಸಿಹೋಗಬಲ್ಲದು, 30 ಗ್ರಾಂ ಹಾಕಿದ್ದರಲ್ಲಿ ಅಷ್ಟು ನಷ್ಟವಾಗುವುದಿಲ್ಲ.

ಹೀಗಾಗಿ ಹೂವನ್ನು ಬೆಳಗಿನ ಜಾವ, ದಿನದ ಅತಿ ತಂಪಿನ ಹೊತ್ತಿನಲ್ಲಿ, ನೀರಿನಿಂದ ಎತ್ತಿಬಿಡುವುದೇ ಉಪಾಯ. ಇನ್ನೂ ದೊಡ್ಡದಾಗಲಿ ಎಂದು ಮಧ್ಯಾಹ್ನದವರೆಗೆ ಬಿಡುವುದರಿಂದ ಲಾಭವಿಲ್ಲ. ಬೆಂಗಳೂರಿನಲ್ಲಿ ಇದುವರೆಗಿನ ಅತಿ ಕಡಿಮೆ ಉಷ್ಣತೆ ದಾಖಲಾದದ್ದು 1884ರ ಜನವರಿ 13ರಂದು, 7.8 ಡಿಗ್ರಿ. ಅಂಥ ರಾತ್ರಿ ಸಿಕ್ಕಿದ್ದರೆ ಇದಕ್ಕಿಂತ ಕಡಿಮೆ ಅಳತೆಯಲ್ಲೂ ಹೂವು ಮೂಡುತ್ತಿತ್ತು. ಈಗಿನ 16 ಡಿಗ್ರಿಯ ಆಸುಪಾಸಿನ ಡಿಸೆಂಬರ್ ರಾತ್ರಿಯೂ ನಮ್ಮ ಕೆಲಸಕ್ಕೆ ಸಾಕು, ಎತ್ತುವ ಹೊತ್ತು ತಪ್ಪಬಾರದಷ್ಟೆ.

ನೀರು ಕದಡಿದೆ, ಹತ್ತಿಯಂಥ ಚೂರುಗಳು ತೇಲುತ್ತಿವೆ

ಈ ದೋಷದಲ್ಲಿ ಪಟಿಕ ತನ್ನ ಹಳೆಯ ಉದ್ಯೋಗವನ್ನೇ ಮಾಡುತ್ತಿರುತ್ತದೆ. ಕೆಸರು ನೀರಿನ ಹಂಡೆಯಲ್ಲಿ ಪಟಿಕದ ಗಟ್ಟಿಯನ್ನು ನಾಲ್ಕು ಸುತ್ತು ಆಡಿಸಿದರೆ ಸ್ವಲ್ಪ ಹೊತ್ತಿನಲ್ಲಿ ಕೆಸರು ತಳ ಸೇರುವುದನ್ನು ಹಳ್ಳಿಯ ಹಿರಿಯರು ಬಲ್ಲರು. ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟಿನೊಂದಿಗೆ ಪಟಿಕ ಕೂಡಿದಾಗ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಎಂಬ ಲೋಳೆಯಂಥ ಬಿಳಿ ವಸ್ತು ಉಂಟಾಗುತ್ತದೆ. ಅದೇ ಕೆಸರಿನ ಕಣಗಳನ್ನು ಅಂಟಿಸಿಕೊಂಡು ಕೆಳಗಿಳಿಯುವುದು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಕೊಳವೆಬಾವಿಯ ಗಡಸು ನೀರಿನಲ್ಲಿ, ಅಂದರೆ ಸೋಪು ನೊರೆ ಕೊಡದ, ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ನೀರಿನಲ್ಲಿ, ಕೆಸರು ಇಲ್ಲದಿದ್ದರೂ ಈ ಲೋಳೆ ಹುಟ್ಟಿ ಹೂವಿಗೆ ಮೆತ್ತಿಕೊಳ್ಳುತ್ತದೆ, ಅದರ ಮೇಲೆ ಹರಳು ಸರಿಯಾಗಿ ಕೂರುವುದಿಲ್ಲ. ಫಿಲ್ಟರ್ ಆದ ಕುಡಿಯುವ ನೀರನ್ನೋ, ಹಿಡಿದಿಟ್ಟ ಮಳೆನೀರನ್ನೋ ಬಳಸಿದರೆ ದೋಷ ಹೋಗುತ್ತದೆ. ಅದಿಲ್ಲದಿದ್ದರೆ ಪಟಿಕ ಹಾಕಿ ಕರಗಿಸಿದ ಬಿಸಿ ನೀರನ್ನು ಒಂದು ಗಂಟೆ ಮುಚ್ಚಿಟ್ಟು, ಲೋಳೆ ತಳ ಸೇರಿದ ಮೇಲೆ ಮೇಲಿನ ತಿಳಿಯನ್ನಷ್ಟೇ ನಿಧಾನವಾಗಿ ಬಗ್ಗಿಸಿಕೊಂಡು, ಎರಡು ಪದರ ಬಟ್ಟೆಯಲ್ಲಿ ಸೋಸಿ ಬಳಸಬಹುದು. ಸ್ವಲ್ಪ ಪಟಿಕ ನಷ್ಟವಾದರೂ ಕೆಲಸ ನಡೆಯುತ್ತದೆ. ಪಾತ್ರೆಯಲ್ಲಿ ಉಳಿದ ಸೋಪಿನ ಅಂಶದಿಂದಲೂ ನೀರು ಕದಡೀತು. ಪಟಿಕದ ನೀರು ಹುಳಿಯ ಗುಣದ್ದಾದ್ದರಿಂದ ಅಲ್ಯೂಮಿನಿಯಂ, ಹಿತ್ತಾಳೆ, ಕಬ್ಬಿಣದ ಪಾತ್ರೆಗಳನ್ನು ಈ ಕೆಲಸಕ್ಕೆ ಬಳಸಬಾರದು.

ಹೂವಿನ ಮೇಲೆ ಕಂದು ಕಲೆ ಬಂದಿದ್ದರೆ ಅದೂ ಈ ಹುಳಿಯ ಕೆಲಸವೇ. ಪೈಪ್ ಕ್ಲೀನರಿನ ಒಳಗಿನ ತಂತಿ ಕಬ್ಬಿಣದ್ದಾಗಿದ್ದು, ಕತ್ತರಿಸಿದ ತುದಿಯಲ್ಲಿ ತುಕ್ಕು ಹಿಡಿದಿರುತ್ತದೆ. ಕತ್ತರಿಸಿದ ತುದಿಗಳಿಗೆ ಮೇಣದ ಹನಿಯನ್ನೋ ಉಗುರುಬಣ್ಣವನ್ನೋ ಹಚ್ಚಿ ಒಣಗಿಸಿದರೆ ಕಲೆ ಬಾರದು.

ವಸ್ತುವೇ ಬೇರೆಯಾಗಿದ್ದರೆ

ಮೇಲಿನ ಎಲ್ಲವನ್ನೂ ಸರಿಪಡಿಸಿದ ಮೇಲೂ ಹರಳು ಬಾರದಿದ್ದರೆ ಪೊಟ್ಟಣವನ್ನೇ ಅನುಮಾನಿಸಬೇಕು. ಗ್ರಂಧಿಗೆ ಅಂಗಡಿಯಲ್ಲಿ ಪಟಿಕ ಎಂದು ಕೇಳಿದಾಗ ಕೊಡುವುದು ಯಾವಾಗಲೂ ಒಂದೇ ವಸ್ತುವಲ್ಲ. ನಮಗೆ ಬೇಕಾದದ್ದು ಪೊಟ್ಯಾಸಿಯಂ ಮತ್ತು ಅಲ್ಯೂಮಿನಿಯಂಗಳ ಜೋಡಿ ಸಲ್ಫೇಟು. ಅಂಗಡಿಯ ಬಾಗಿಲಿಗೆ ದೃಷ್ಟಿಯಾಗದಿರಲೆಂದು ಕಪ್ಪು ದಾರದಲ್ಲಿ ಕಟ್ಟುವ, ಕ್ಷೌರದ ನಂತರ ಗಾಯಕ್ಕೆ ಉಜ್ಜುವ, ಬೆಳಕಿಗೆ ಹಿಡಿದರೆ ಗಾಜಿನಂತೆ ಅರೆಪಾರದರ್ಶಕವಾಗಿ ಕಾಣುವ ಗಟ್ಟಿ. ನೀರು ಶುದ್ಧೀಕರಣಕ್ಕೆಂದು ಬರುವ, ಬೆಳಕು ತೂರದ, ಬಿಳಿ ಅಥವಾ ತುಸು ಹಳದಿ ಬಣ್ಣದ ಚಪ್ಪಡಿಗಳು ಬರಿಯ ಅಲ್ಯೂಮಿನಿಯಂ ಸಲ್ಫೇಟು. ಅವೂ ಪಟಿಕವೆಂಬ ಹೆಸರಿನಲ್ಲೇ ಮಾರಾಟವಾಗುತ್ತವೆ, ನೀರು ತಿಳಿಗೊಳಿಸಲು ಯೋಗ್ಯ, ಆದರೆ ಹರಳಿನ ಹೂವಿಗೆ ಒದಗುವುದಿಲ್ಲ. ನೀರು ಪಾಕದಂತೆ ಮಂದವಾಗಿ ಕೂತುಬಿಡುತ್ತದೆ. ಅಮೋನಿಯಂ ಪಟಿಕ ಎಂಬ ಇನ್ನೊಂದು ಬಗೆಯೂ ಇದೆ, ಅದು ನಮ್ಮ ಕೆಲಸಕ್ಕೆ ಅಡ್ಡಿಯಿಲ್ಲ. ಅದನ್ನು ಗುರುತಿಸಬೇಕೆಂದರೆ ಹಿರಿಯರೊಬ್ಬರು ಚಿಟಿಕೆ ಪುಡಿಯನ್ನು ವೀಳ್ಯಕ್ಕೆ ಹಚ್ಚುವ ಒದ್ದೆ ಸುಣ್ಣದೊಂದಿಗೆ ಉಜ್ಜಿ ದೂರದಿಂದ ಮೂಸಿದರೆ ಸಾಕು, ಅಮೋನಿಯದ ಘಾಟು ಥಟ್ಟನೆ ಮೂಗಿಗೆ ಬಡಿಯುತ್ತದೆ.

ಬಿಳಿಗಾರದ, ಅಂದರೆ ಬೋರಾಕ್ಸಿನ, ವಿಷಯದಲ್ಲಿ ಎಚ್ಚರ ಬೇಕು. ಹೊರದೇಶಗಳ ವಿಧಾನಗಳಲ್ಲಿ ಹಿಮಹೂವಿಗೆ ಹೆಚ್ಚಾಗಿ ಹೇಳುವುದು ಅದನ್ನೇ, ಅದೂ ಗ್ರಂಧಿಗೆ ಅಂಗಡಿಯಲ್ಲೇ ಸಿಗುತ್ತದೆ, ನೋಡಲೂ ಪಟಿಕದ ಪುಡಿಯಂತೆಯೇ ಇರುತ್ತದೆ. ಹರಳು ಚೆನ್ನಾಗಿಯೇ ಬರುತ್ತದೆ ಎಂಬುದನ್ನು ಒಪ್ಪುತ್ತೇನೆ, ಆದರೆ ಐರೋಪ್ಯ ಒಕ್ಕೂಟ ಅದನ್ನು ಸಂತಾನಶಕ್ತಿಗೆ ಹಾನಿಕರ ವಸ್ತುಗಳ ಸಾಲಿಗೆ ಸೇರಿಸಿರುವುದರಿಂದ ಬೆರಳು ಚೀಪುವ ವಯಸ್ಸಿನ ಮಕ್ಕಳಿರುವ ಅಡುಗೆಮನೆಗೆ ಅದನ್ನು ತರುವುದು ನನಗೆ ಸರಿಕಾಣುವುದಿಲ್ಲ. ಪೊಟ್ಟಣದಲ್ಲಿರುವುದು ಯಾವುದೆಂದು ಅನುಮಾನವಿದ್ದರೆ ಅದರ ನೀರಿಗೆ ಚಿಟಿಕೆ ಅರಿಶಿನ ಹಾಕಿ ನೋಡಬಹುದು. ಪಟಿಕದ ಹುಳಿ ನೀರಿನಲ್ಲಿ ಅರಿಶಿನ ಹಳದಿಯಾಗಿಯೇ ಉಳಿಯುತ್ತದೆ; ಬಿಳಿಗಾರದ ನೀರಿನಲ್ಲಿ ಕೆಂಪುಗಂದು ಬಣ್ಣಕ್ಕೆ ತಿರುಗುತ್ತದೆ. ಅರಿಶಿನವನ್ನು ಕುಂಕುಮವಾಗಿಸುವ ಹಳೆಯ ಕ್ರಮದಲ್ಲಿ ಬಿಳಿಗಾರಕ್ಕೆ ಜಾಗವಿರುವುದು ಸುಮ್ಮನೆ ಅಲ್ಲ.

ಪಟಿಕ ಸಿಗದೆ ಅಡುಗೆ ಉಪ್ಪಿನಿಂದ ಪ್ರಯತ್ನಿಸಿ ಸೋತವರು ತಮ್ಮ ಕೈಚಳಕವನ್ನು ದೂರಿಕೊಳ್ಳಬೇಕಾಗಿಲ್ಲ. 100 ಮಿಲಿಲೀಟರ್ ನೀರು 20 ಡಿಗ್ರಿಯಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗಿಸಿದರೆ, ಕುದಿಯುವಾಗ ಕರಗಿಸುವುದು ಸುಮಾರು 39 ಗ್ರಾಂ ಮಾತ್ರ. ಬಿಸಿಗೂ ತಂಪಿಗೂ ನಡುವೆ ಮೂರೇ ಗ್ರಾಂ ವ್ಯತ್ಯಾಸವಿರುವಾಗ ಒಂದು ರಾತ್ರಿ ತಣಿಸಿ ಏನನ್ನು ಪಡೆಯಲು ಸಾಧ್ಯ? ಉಪ್ಪಿನ ಹರಳು ನೀರು ಆವಿಯಾಗಿ ಹೋಗುವುದರಿಂದ ಬೆಳೆಯಬೇಕು, ಅದಕ್ಕೆ ವಾರಗಳು ಬೇಕು. ಸಕ್ಕರೆಯ ಸಮಸ್ಯೆ ಇದಕ್ಕೆ ಉಲ್ಟಾ: ಬೇಕಾದಷ್ಟು ಕರಗುತ್ತದೆ, ಆದರೆ ಪಾಕ ಎಷ್ಟು ಮಂದವಾಗುತ್ತದೆಂದರೆ ಹರಳು ಕೂರಲು ದಿನಗಟ್ಟಲೆ ಹಿಡಿಯುತ್ತದೆ.

ಆಕಾರದ ದೋಷ

ಹರಳು ಚೆನ್ನಾಗಿ ಬಂದರೂ ಹೂವು ಹಿಮಹರಳಿನಂತೆ ಕಾಣುವುದಿಲ್ಲ ಎನ್ನಿಸಿದರೆ ಎಸಳುಗಳನ್ನು ಎಣಿಸಬೇಕು. ರಂಗೋಲಿಯ ರೂಢಿಯಿಂದಲೋ ಏನೋ ನಮ್ಮ ಕೈ ತಾನಾಗಿ ಎಂಟು ಎಸಳಿನ ಕಡೆಗೆ ವಾಲುತ್ತದೆ. ಹಿಮಹರಳಿಗೆ ಆರೇ ಏಕೆಂದು ಖಗೋಳವಿಜ್ಞಾನಿ ಕೆಪ್ಲರ್ 1611ರಲ್ಲೇ ಪ್ರಶ್ನಿಸಿದ್ದ. ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ಷಡ್ಭುಜದ ಜೋಡಣೆಯಲ್ಲಿ ಕೂರುತ್ತವೆ ಎಂಬ ಉತ್ತರ ಸಿಕ್ಕಿದ್ದು ಎಕ್ಸ್ ಕಿರಣಗಳ ಕಾಲ ಬಂದ ಮೇಲೆ. ಒಂದೇ ಉದ್ದದ ಮೂರು ಕಡ್ಡಿಗಳನ್ನು ನಡುವಿನಲ್ಲಿ ಹೆಣೆದು, ಎಸಳಿಗೂ ಎಸಳಿಗೂ ನಡುವೆ 60 ಡಿಗ್ರಿ ಬರುವಂತೆ, ಅಂದರೆ ಗಡಿಯಾರದ ಹನ್ನೆರಡು, ಎರಡು, ನಾಲ್ಕು ಎಂಬ ಅಂಕಿಗಳ ದಿಕ್ಕಿಗೆ ತಿರುಗಿಸಿದರೆ ಸರಿಹೋಗುತ್ತದೆ. ಅದರ ಮೇಲೆ ಕೂರುವ ಪಟಿಕದ ಹರಳುಗಳು ಮಾತ್ರ ತಮ್ಮದೇ ಆಕಾರದಲ್ಲಿ, ಎಂಟು ತ್ರಿಕೋನ ಮುಖಗಳಿರುವ ಅಷ್ಟಮುಖಿಗಳಾಗಿ ಇರುತ್ತವೆ. ಭೂತಗನ್ನಡಿ ಕೊಟ್ಟು ಮಕ್ಕಳಿಗೆ ಆ ತ್ರಿಕೋನಗಳನ್ನು ತೋರಿಸುವಾಗ, ಆರು ಎಸಳು ನಾವು ತಂತಿಯಿಂದ ಕೊಟ್ಟದ್ದು, ತ್ರಿಕೋನ ಪಟಿಕ ತಾನೇ ಮಾಡಿಕೊಂಡದ್ದು ಎಂದು ಬಿಡಿಸಿ ಹೇಳಬೇಕು. ಇಲ್ಲವಾದರೆ ಹಿಮವೇ ಬಾಟಲಿಯಲ್ಲಿ ಹುಟ್ಟಿತೆಂದು ಅವರು ನಂಬಿಬಿಡುತ್ತಾರೆ.

ಕೆಲವು ದಿನಗಳ ನಂತರ ಹೂವು ಮಸುಕಾಯಿತು

ಪಟಿಕದ ಹರಳಿನ ತೂಕದಲ್ಲಿ ಸುಮಾರು ನೂರಕ್ಕೆ 45 ಭಾಗ ಒಳಗೆ ಕಟ್ಟಿಕೊಂಡ ನೀರೇ ಇರುತ್ತದೆ. ಒಣಗಾಳಿಯಲ್ಲಿ ಮೇಲ್ಮೈಯಿಂದ ಆ ನೀರು ನಿಧಾನವಾಗಿ ಬಿಟ್ಟುಹೋದಂತೆ ಹೊಳಪು ಹೋಗಿ ಸುಣ್ಣ ಬಳಿದ ಹಾಗೆ ಕಾಣುತ್ತದೆ. ಬೇಗ ಒಣಗಲೆಂದು ಬಿಸಿಲಿಗಿಡುವುದು, ಕೂದಲು ಒಣಗಿಸುವ ಡ್ರೈಯರ್ ಹಿಡಿಯುವುದು ಇದನ್ನು ಇನ್ನಷ್ಟು ಬೇಗ ತರುತ್ತದೆ. ಹಂಚಿನ ಮೇಲೆ ಹುರಿದ ಪಟಿಕ ಉಬ್ಬಿ ಬೆಳ್ಳಗೆ ಬುರುಗಾಗುವುದು ಇದರ ಅತಿಯಾದ ರೂಪ. ನೀರಿನಿಂದ ಎತ್ತಿದ ಹೂವನ್ನು ನಲ್ಲಿಯಡಿ ತೊಳೆಯದೆ, ಟಿಶ್ಯೂ ಕಾಗದದಿಂದ ಮೆಲ್ಲಗೆ ಒತ್ತಿ ತೇವ ತೆಗೆದು, ನೆರಳಿನಲ್ಲಿ ಒಂದು ದಿನ ತೂಗುಹಾಕಿ, ಬಣ್ಣವಿಲ್ಲದ ಉಗುರುಬಣ್ಣವನ್ನು ಕಿಟಕಿ ತೆರೆದಿಟ್ಟು ತೆಳುವಾಗಿ ಹಚ್ಚಿದರೆ ಹೊಳಪು ಬಹುಕಾಲ ನಿಲ್ಲುತ್ತದೆ. ಹಚ್ಚುವ ಕೆಲಸ ಹಿರಿಯರದು. ಈಗಾಗಲೇ ಮಸುಕಾದದ್ದನ್ನು ಹೊಳೆಯಿಸುವ ದಾರಿಯೆಂದರೆ ಅದನ್ನು ಮತ್ತೊಮ್ಮೆ ಅತಿಪರ್ಯಾಪ್ತ ನೀರಿನಲ್ಲಿ ಒಂದು ರಾತ್ರಿ ಇಳಿಬಿಟ್ಟು ಹೊಸ ಪದರ ಕೂರಿಸುವುದು.

ಹೂವು ಎತ್ತಿದ ಮೇಲೆ ಉಳಿಯುವ ನೀರನ್ನು ಚೆಲ್ಲಬಾರದು. ಆ 400 ಮಿಲಿಲೀಟರಿನಲ್ಲಿ ಇನ್ನೂ ಸುಮಾರು 60 ಗ್ರಾಂ ಪಟಿಕ ಕರಗಿಯೇ ಇದೆ, ಮುಂದಿನ ಹೂವಿಗೆ ಬಿಸಿಮಾಡಿ ಮತ್ತೆ 60 ಗ್ರಾಂ ಸೇರಿಸಿದರೆ ಸಾಕು. ನೋಡಲು ಅದು ಕುಡಿಯುವ ನೀರಿಗಿಂತ ಒಂದಿಷ್ಟೂ ಬೇರೆಯಾಗಿ ಕಾಣುವುದಿಲ್ಲವಾದ್ದರಿಂದ ಬಾಟಲಿಯ ಮೇಲೆ ದೊಡ್ಡ ಅಕ್ಷರಗಳಲ್ಲಿ "ಪಟಿಕದ ನೀರು, ಕುಡಿಯಬಾರದು" ಎಂದು ಬರೆದಂಟಿಸಿ, ಅಡುಗೆಮನೆಯಿಂದ ಹೊರಗೆ, ಮಕ್ಕಳ ಕೈಗೆಟುಕದ ಮೇಲಿನ ಅರೆಯಲ್ಲಿ ಇಡಬೇಕು.